ಎಂಬತ್ತರ ಮಾವನವರಿಂದ ಎರಡು ವರ್ಷದ ಮಗುವಿನವರೆಗೆ ಹನ್ನೊಂದು ಜನ: ಯಾವ ಕಡಲತೀರದ ರೆಸಾರ್ಟ್ ಒಳ್ಳೆಯದು?

ಕುವೆಂಪುನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಮ್ಮ ಮಾವನವರಿಗೆ ಎಂಬತ್ತು ತುಂಬುತ್ತದೆ. ಮನೆಯಲ್ಲಿ ಪೂಜೆ, ನೆಂಟರಿಷ್ಟರ ಊಟ ಮುಗಿದ ಮೇಲೆ ಮೂರು ರಾತ್ರಿ ಕಡಲ ಪಕ್ಕದಲ್ಲಿ ಎಲ್ಲರೂ ಒಟ್ಟಿಗೆ ಇರಬೇಕೆಂಬುದು ಅತ್ತೆಯವರ ಆಸೆ. ಮಾವನವರು ಮದ್ದೂರು ಕಡೆಯವರು. ನಾಲೆ, ಗದ್ದೆ, ಆಲೆಮನೆಗಳಲ್ಲೇ ಆಯಸ್ಸು ಕಳೆದವರು. ಸಮುದ್ರವನ್ನು ಇನ್ನೂ ಕಂಡಿಲ್ಲ.

ಒಟ್ಟು ಹನ್ನೊಂದು ಜನ. ಅತ್ತೆಯವರಿಗೆ ಎರಡೂ ಮಂಡಿ ಸವೆದಿವೆ, ಮೆಟ್ಟಿಲು ಕಂಡರೆ ನಿಂತುಬಿಡುತ್ತಾರೆ. ನನ್ನ ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಾವಿಬ್ಬರು, ಮೈದುನ, ಓರಗಿತ್ತಿ. ಮಕ್ಕಳಿಗೆ ಹದಿನಾಲ್ಕು, ಒಂಬತ್ತು, ಆರು, ಎರಡು ವರ್ಷ. ಮಾವನವರಿಗೆ ಮಧ್ಯಾಹ್ನ ಮುದ್ದೆ ಬೇಕು, ಅಮ್ಮ ಮಾಂಸ ಬಿಟ್ಟವರು, ಮೈದುನನಿಗೆ ಮೀನಿಲ್ಲದೆ ಕಡಲಿಗೆ ಹೋದಂತೆಯೇ ಅಲ್ಲ.

ಮೊಬೈಲ್‌ನಲ್ಲಿ ನೋಡಿದರೆ ಎಲ್ಲ ರೆಸಾರ್ಟ್‌ಗಳೂ ಒಂದೇ ರೀತಿ ಕಾಣುತ್ತವೆ: ನೀಲಿ ಈಜುಕೊಳ, ತೆಂಗಿನ ಮರ, ಬಿಳಿ ಹಾಸಿಗೆ. ಮಂಗಳೂರು–ಉಡುಪಿ ಕಡೆಯೇ, ಕೇರಳದ ಬೇಕಲವೇ, ಕಣ್ಣೂರೇ, ಇಲ್ಲ ನಮ್ಮ ಗೋಕರ್ಣವೇ? ಏನನ್ನು ನೋಡಿ ಆರಿಸಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಮಂಡ್ಯದ ನಿವೃತ್ತ ಮೇಷ್ಟ್ರು

ತಾಯಿ, ಮೊದಲು ದಾರಿ ನೋಡಿ, ಆಮೇಲೆ ಊರು. ಹಿರಿಯರು ದಾರಿಯಲ್ಲೇ ಬಸವಳಿದರೆ ಮೊದಲ ದಿನ ಪೂರ್ತಿ ಮಲಗಿಯೇ ಕಳೆಯುತ್ತಾರೆ.

ಮೈಸೂರಿನಿಂದ ಮಂಗಳೂರಿಗೆ ಸುಮಾರು 250 ಕಿ.ಮೀ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದವರೆಗೆ ಹೆಚ್ಚು ಕಷ್ಟವಿಲ್ಲ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ, ದೊಡ್ಡವರಿಗೆ ಸೊಂಟ ಹಿಡಿಯುತ್ತದೆ. ಮಂಗಳೂರಿನಿಂದ ಉಡುಪಿಗೆ ಮತ್ತೆ ಒಂದು ಗಂಟೆಗೂ ಮೇಲೆ. ನಮ್ಮ ಮಂಡ್ಯದವರು ನಾಗಮಂಗಲದ ಮೇಲೆ ಹಾಸನಕ್ಕೆ ಹೋಗಿ ಶಿರಾಡಿಯಲ್ಲಿ ಇಳಿಯುವುದೂ ಉಂಟು. ಅಲ್ಲಿ ತಿರುವು ಕಡಿಮೆ, ಲಾರಿ ಹೆಚ್ಚು.

ಗೋಕರ್ಣವನ್ನು ಪಟ್ಟಿಯಿಂದ ತೆಗೆದುಬಿಡಿ ಎನ್ನುತ್ತೇನೆ. ಊರು ಚೆಂದ, ಮಹಾಬಲೇಶ್ವರನ ದರ್ಶನ ಪುಣ್ಯ. ಆದರೆ ಓಂ, ಕುಡ್ಲೆ ತೀರಗಳಿಗೆ ಇಳಿಯಲು ಮೆಟ್ಟಿಲು, ಇಳಿಜಾರು. ಸವೆದ ಮಂಡಿಯವರನ್ನು ಮೇಲೆ ಕೂರಿಸಿ ಉಳಿದವರು ಕೆಳಗೆ ಹೋಗುವುದಾದರೆ ಅವರನ್ನು ಕರೆದುಕೊಂಡು ಹೋಗಿ ಏನು ಪ್ರಯೋಜನ? ದೂರವೂ ಬಹಳ.

ರೈಲನ್ನು ಯೋಚಿಸಿದ್ದೀರಾ? ಬೆಂಗಳೂರಿನಿಂದ ಮಂಡ್ಯ, ಮೈಸೂರು, ಹಾಸನದ ಮೇಲೆ ಮುರುಡೇಶ್ವರಕ್ಕೆ ಹೋಗುವ ರಾತ್ರಿ ರೈಲಿದೆ. ಓಡುವ ದಿನ, ಸಮಯವನ್ನು ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ. ಉಡುಪಿಯಲ್ಲಿ ಇಳಿಯಬಹುದು. ಕಾಲು ಚಾಚಿ ಮಲಗಬಹುದು, ಶೌಚಾಲಯ ಇದೆ, ವಾಂತಿಯ ಭಯವಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ರಾತ್ರಿಯ ರೈಲಾದ್ದರಿಂದ ಮಕ್ಕಳಿಗೆ ಅದು ಕಾಣಿಸದು, ಅದೊಂದೇ ಕೊರಗು.

ಟಿಕೆಟ್ ವಿಷಯ ಗಮನವಿರಲಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳ ಬರ್ತ್ ಕೋಟಾ ಇದೆ. ಆದರೆ ಆ ಕೋಟಾದಲ್ಲಿ ಒಂದು ಟಿಕೆಟ್‌ಗೆ ಇಬ್ಬರೇ. ಎಲ್ಲರ ಜೊತೆ ಸೇರಿಸಿ ಬರೆದರೆ ಅದು ಸಿಗುವುದಿಲ್ಲ. ಹಿರಿಯರ ಟಿಕೆಟ್‌ಗಳನ್ನು ಬೇರೆಯಾಗಿ ಮಾಡಿಸಿ. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ.

ಪಡುಬಿದ್ರಿಯ ಮಗಳು, ಈಗ ಮೈಸೂರು ವಿಜಯನಗರ

ನಾನು ಕಡಲ ಸದ್ದಿನಲ್ಲೇ ಬೆಳೆದವಳು. ನಮ್ಮೂರಿಗೆ ಬರುವ ಘಟ್ಟದ ಮೇಲಿನವರು ಏನನ್ನು ಕೇಳದೆ ಹಣ ಕಟ್ಟುತ್ತಾರೆ ಎಂಬುದನ್ನು ನೋಡುತ್ತಲೇ ಇದ್ದೇನೆ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಮೊದಲ ಪ್ರಶ್ನೆ: ರೆಸಾರ್ಟಿನ ಮುಂದೆ ಇರುವುದು ಮರಳೋ, ಬಂಡೆಯೋ? ನಮ್ಮ ಕರಾವಳಿಯಲ್ಲಿ ಕಡಲ್ಕೊರೆತ ದೊಡ್ಡ ಸಮಸ್ಯೆ. ಉಳ್ಳಾಲ ಮೊದಲಾದ ಕಡೆ ತೀರ ಉಳಿಸಲು ದೊಡ್ಡ ದೊಡ್ಡ ಕಲ್ಲುಗಳನ್ನು ಸುರಿದು ತಡೆಗೋಡೆ ಕಟ್ಟಿದ್ದಾರೆ. ಅಂಥಲ್ಲಿ ಕೋಣೆಯಿಂದ ಕಡಲು ಸೊಗಸಾಗಿ ಕಾಣುತ್ತದೆ, ಆದರೆ ನೀರಿಗೆ ಕಾಲಿಡಲು ಆ ಕಲ್ಲುಗಳನ್ನು ಏರಿ ಇಳಿಯಬೇಕು. ಹುಡುಗರು ಹಾರಿಕೊಂಡು ಹೋದಾರು, ನಿಮ್ಮ ಅತ್ತೆಯವರು ಹೇಗೆ ಹೋಗುತ್ತಾರೆ? ಕೆಲವೆಡೆ ರೆಸಾರ್ಟಿಗೂ ತೀರಕ್ಕೂ ನಡುವೆ ಮೀನುಗಾರಿಕಾ ರಸ್ತೆ ಇರುತ್ತದೆ. ಇದು ಯಾವ ಫೋಟೋದಲ್ಲೂ ಬರುವುದಿಲ್ಲ. ಫೋನ್ ಮಾಡಿ, ವಿಡಿಯೊ ಕರೆಯಲ್ಲಿ ಕೋಣೆಯ ಬಾಗಿಲಿನಿಂದ ಅಲೆಯವರೆಗೆ ನಡೆದು ತೋರಿಸಿ ಎಂದು ಕೇಳಿ. ಮನಸ್ಸಿದ್ದವರು ತೋರಿಸುತ್ತಾರೆ. ತೋರಿಸಲು ಹಿಂದೆಮುಂದೆ ನೋಡುವವರನ್ನು ಬಿಟ್ಟುಬಿಡಿ.

ಎರಡನೆಯದು ಸಮುದ್ರದ ಸ್ವಭಾವ. ಡಿಸೆಂಬರ್ ಒಳ್ಳೆಯ ಕಾಲ: ಮಳೆ ಮುಗಿದಿರುತ್ತದೆ, ಸೆಕೆ ಏರಿರುವುದಿಲ್ಲ, ನೀರು ಶಾಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ನೀರಿಗಿಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆದರೆ ಶಾಂತವಾಗಿರುವಾಗಲೂ ಕಡಲು ಕಡಲೇ. ವಿಶ್ವೇಶ್ವರಯ್ಯ ನಾಲೆಯಲ್ಲಿ, ಕಾವೇರಿಯಲ್ಲಿ ಈಜಿ ಪಳಗಿದವರಿಗೆ ಇದನ್ನು ಒತ್ತಿ ಹೇಳಬೇಕು. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯಿಲ್ಲದೆ ನೀರು ತಣ್ಣಗೆ ಕಂಡರೆ, ಇಳಿಯಲು ಅದೇ ಒಳ್ಳೆಯ ಜಾಗ ಎನ್ನಿಸುತ್ತದೆ. ಅಲ್ಲೇ ನೀರು ಒಳಕ್ಕೆ ಎಳೆಯುವುದು. ಸಿಕ್ಕಿಬಿದ್ದರೆ ದಡದ ಕಡೆಗೆ ಎದುರೀಜು ಹಾಕಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಹದಿನಾಲ್ಕರ ಹುಡುಗನಿಗೆ ಇದನ್ನು ಚಿತ್ರ ಬರೆದು ತೋರಿಸಿ. ಜೀವರಕ್ಷಕರು ಇಲ್ಲದ ತೀರದಲ್ಲಿ ಮೊಣಕಾಲಿಗಿಂತ ಮುಂದೆ ಬೇಡ.

ಈ ಕಾರಣಕ್ಕೇ ನಾನು ಪಡುಬಿದ್ರಿಯನ್ನು ಹೇಳುತ್ತೇನೆ, ಹುಟ್ಟೂರಿನ ಮೋಹದಿಂದ ಅಲ್ಲ. 2020ರಲ್ಲಿ ದೇಶದ ಎಂಟು ತೀರಗಳಿಗೆ ಮೊದಲ ಬಾರಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗ ಕರ್ನಾಟಕದ ಎರಡು ಇದ್ದವು: ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು, ಅಂಗವಿಕಲರಿಗೆ ಅನುಕೂಲ ಎಲ್ಲವನ್ನೂ ನೋಡಿ ಕೊಡುವ ಮಾನ್ಯತೆ ಅದು. ರೆಸಾರ್ಟ್ ಎಲ್ಲೇ ಇರಲಿ, ಮಕ್ಕಳ ನೀರಾಟವನ್ನು ಇಂಥ ತೀರಕ್ಕೆ ಇಟ್ಟುಕೊಂಡರೆ ನಿಮಗೆ ನೆಮ್ಮದಿ.

ಜಯಲಕ್ಷ್ಮೀಪುರಂ ಓದುಗ

ಬೇಕಲವನ್ನು ಬಿಡಬೇಡಿ. ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಕಡಲಿಗೆ ಚಾಚಿಕೊಂಡು ನಿಂತಿದೆ, ಮಕ್ಕಳಿಗೆ ಇತಿಹಾಸವೂ ಆಯಿತು. ಅಲ್ಲಿಯ ದೊಡ್ಡ ರೆಸಾರ್ಟ್‌ಗಳಲ್ಲಿ ನೆಲಮಟ್ಟದ ಕಾಟೇಜು, ಬ್ಯಾಟರಿ ಗಾಡಿ, ತರಬೇತಾದ ಸಿಬ್ಬಂದಿ ಇರುತ್ತಾರೆ. ದುಬಾರಿ ನಿಜ. ಆದರೆ ಎಂಬತ್ತನೆಯ ವರ್ಷ ಮತ್ತೆ ಬರುವುದಿಲ್ಲ. ಇಲ್ಲಿ ಕೈ ಬಿಗಿ ಹಿಡಿಯಬೇಡಿ.

ಹೆಬ್ಬಾಳದ ಟಿಟಿ ಚಾಲಕ

ಬೇಕಲಕ್ಕೆ ಭಾಗಮಂಡಲ, ಕರಿಕೆ, ಪಾಣತ್ತೂರಿನ ಮೇಲೆ ಹತ್ತಿರದ ದಾರಿ ಎಂದು ಮೊಬೈಲ್ ನಕ್ಷೆ ತೋರಿಸಿದರೆ ಯೋಚಿಸಿ. ಕಾಡಿನ ಕಿರಿದಾದ ತಿರುವುಗಳ ದಾರಿ. ವಯಸ್ಸಾದವರು, ಮಗು ಇದ್ದರೆ ನಾನು ಮಂಗಳೂರಿನ ಮೇಲೆಯೇ ಹೋಗುತ್ತೇನೆ. ಹಳದಿ ಫಲಕದ ಗಾಡಿ ಕೇರಳಕ್ಕೆ ಹೋದರೆ ಅಲ್ಲಿಯ ತೆರಿಗೆ, ಪರವಾನಗಿಯ ಖರ್ಚು ಬಾಡಿಗೆಯ ಮೇಲೆ ಬರುತ್ತದೆ, ಮಾತಾಡುವಾಗಲೇ ಕೇಳಿಕೊಳ್ಳಿ.

ದೂರ ಕಡಿಮೆ ಬೇಕೆಂದರೆ ಕಣ್ಣೂರು. ವಿರಾಜಪೇಟೆ, ಮಾಕುಟ್ಟ, ಇರಿಟ್ಟಿಯ ಮೇಲೆ ಸುಮಾರು 160–170 ಕಿ.ಮೀ. ಮಾಕುಟ್ಟದಲ್ಲಿ ಘಾಟಿ ಇದೆ, ಆದರೆ ಒಟ್ಟು ಪ್ರಯಾಣ ಚಿಕ್ಕದು. ಕಣ್ಣೂರು–ತಲಶ್ಶೇರಿ ನಡುವಿನ ಮುಳಪ್ಪಿಲಂಗಾಡಿನಲ್ಲಿ ಸುಮಾರು 4 ಕಿ.ಮೀ. ಉದ್ದಕ್ಕೆ ಗಟ್ಟಿ ಮರಳು. ಗಾಡಿಯನ್ನೇ ತೀರಕ್ಕೆ ಇಳಿಸಬಹುದು. ನಡೆಯಲಾಗದ ಅಜ್ಜಿಯೊಬ್ಬರು ಗಾಡಿಯ ಬಾಗಿಲು ತೆಗೆಸಿ ಕೂತಲ್ಲೇ ಅಲೆ ನೋಡಿ ಕೈಮುಗಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯಾವ ಊರಾದರೂ ಸರಿ, ಬೆಳಿಗ್ಗೆ ಐದೂವರೆಗೆ ಹೊರಡಿ. ಕುಶಾಲನಗರದಲ್ಲಿ ಇಡ್ಲಿ ಮಾತ್ರ ಕೊಡಿಸಿ, ಪೂರಿ ಬೇಡ. ಹಿರಿಯರನ್ನು ಹಿಂದಿನ ಸಾಲಿನಲ್ಲಿ ಕೂರಿಸಬೇಡಿ, ಎತ್ತಿ ಹಾಕುತ್ತದೆ. ಟಿಟಿಯ (ಟೆಂಪೊ ಟ್ರಾವೆಲರ್) ಮೊದಲ ಮೆಟ್ಟಿಲು ಎತ್ತರ; ಮನೆಯಿಂದ ಒಂದು ಗಟ್ಟಿ ಕಾಲ್ಮಣೆ ತನ್ನಿ. ಘಾಟಿಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ.

ಶ್ರೀರಂಗಪಟ್ಟಣದ ಗೃಹಸ್ಥ

ಇಷ್ಟೆಲ್ಲಾ ರೆಸಾರ್ಟ್ ಏಕೆ? ಕಾಪು, ಮಲ್ಪೆ, ಕೋಡಿಬೆಂಗ್ರೆ ಸುತ್ತಮುತ್ತ ಇಡೀ ಮನೆಯನ್ನೇ ಬಾಡಿಗೆಗೆ ಕೊಡುವ ಹೋಮ್‌ಸ್ಟೇಗಳಿವೆ. ಹನ್ನೊಂದು ಜನ ಒಂದೇ ಸೂರಿನಡಿ ಇರಬಹುದು. ರೆಸಾರ್ಟಿನಲ್ಲಿ ನಾಲ್ಕು ಕೋಣೆ ನಾಲ್ಕು ಮೂಲೆಗೆ ಬಿದ್ದರೆ ಒಟ್ಟಿಗೆ ಹೋದ ಹಾಗೆ ಏನಾಯಿತು? ಅಡುಗೆಮನೆಯೂ ಇರುತ್ತದೆ, ಮುದ್ದೆ ನೀವೇ ತಿರುವಿಕೊಳ್ಳಬಹುದು.

ಸರಸ್ವತಿಪುರಂ ಗೃಹಿಣಿ

ಅಣ್ಣ, ಒಂದೇ ಸೂರು ಎಂಬ ಮಾತು ಒಪ್ಪುತ್ತೇನೆ. ಅಡುಗೆಮನೆಯ ಮಾತು ಒಪ್ಪುವುದಿಲ್ಲ. ಹನ್ನೊಂದು ಜನರಿಗೆ ಕಾಫಿ, ತಿಂಡಿ, ಮುದ್ದೆ, ಮಗುವಿನ ಗಂಜಿ ಮಾಡುವವರು ಯಾರು? ಸೊಸೆಯರಿಬ್ಬರು. ಊರು ಬದಲಾಯಿತು, ಒಲೆ ಬದಲಾಗಲಿಲ್ಲ. ಹೋಮ್‌ಸ್ಟೇ ಆದರೆ ಅಡುಗೆಯವರನ್ನು ಸೇರಿಸಿಯೇ ಮಾತಾಡಿ. ಇಲ್ಲವಾದರೆ ಬೇಡ.

ಇನ್ನೊಂದು ಮಾತು, ಯಾರೂ ಬೇಸರಿಸಬೇಡಿ. ಇಂಥ ಪ್ರವಾಸಗಳಲ್ಲಿ ಹರೆಯದವರು ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುತ್ತಾರೆ, ಅಜ್ಜಿ ಕೋಣೆಯಲ್ಲಿ ಮಲಗಿದ ಮಗುವನ್ನು ಕಾಯುತ್ತಾರೆ. ಮಾರನೆಯ ದಿನ ಇವರು ಸರ್ಫಿಂಗ್ ಕಲಿಯಲು ಮೂಲ್ಕಿಗೆ, ಅಜ್ಜಿ ಮತ್ತೆ ಮಗುವಿನ ಜೊತೆ. ಕೇಳಿದರೆ, ನನಗೇನು, ಇಲ್ಲೇ ಹಾಯಾಗಿದ್ದೇನೆ ಎನ್ನುತ್ತಾರೆ. ಅವರು ಹಾಗೆಯೇ ಹೇಳುವುದು, ನಮ್ಮ ಮನೆಗಳ ಹಿರಿಯ ಹೆಂಗಸರು ಬೇರೇನು ಹೇಳುತ್ತಾರೆ? ಮಗುವನ್ನು ನೋಡಿಕೊಳ್ಳುವ ಸರದಿಯನ್ನು ಹೊರಡುವ ಮೊದಲೇ ಗಂಡಸರೂ ಸೇರಿ ಹಂಚಿಕೊಳ್ಳಿ. ದ್ವೀಪದಲ್ಲಿ ಲಾವಾ ಆರಿ ಕಂಬಗಳಂತೆ ನಿಂತ ಬಂಡೆಗಳು ನೋಡತಕ್ಕವು, ಖಂಡಿತ ಹೋಗಿ, ಆದರೆ ಎರಡು ತಂಡವಾಗಿ. ದೋಣಿ ಹತ್ತಿ ಇಳಿಯುವುದು ಮಂಡಿನೋವಿನವರಿಗೆ ಆಗದು.

ಗೋಕುಲಂ ನಿವೃತ್ತ ನರ್ಸ್

ರೆಸಾರ್ಟಿಗೆ ಫೋನ್ ಮಾಡಿದಾಗ ಈಜುಕೊಳದ ಮಾತು ಆಮೇಲೆ ಆಡಿ, ಮೊದಲು ಸ್ನಾನದ ಮನೆಯದು ಆಗಲಿ. ವಯಸ್ಸಾದವರು ಬೀಳುವುದು ಕಡಲಲ್ಲಿ ಅಲ್ಲ, ಒದ್ದೆ ಟೈಲ್ಸ್ ಮೇಲೆ. ಕಮೋಡ್ ಇದೆಯೇ, ಪಕ್ಕದಲ್ಲಿ ಹಿಡಿಯಲು ಸರಳು ಇದೆಯೇ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಸ್ಟೂಲ್ ಕೊಡುತ್ತಾರೆಯೇ, ಸ್ನಾನದ ಮನೆಗೆ ಹೊಸ್ತಿಲು ಎಷ್ಟು ಎತ್ತರ? ರಾತ್ರಿ ಕರೆಂಟ್ ಹೋದರೆ ಜನರೇಟರ್ ಕೋಣೆಗಳಿಗೂ ಇದೆಯೋ, ಸ್ವಾಗತ ಕೊಠಡಿಗೆ ಮಾತ್ರವೋ?

ನಿಮ್ಮ ಅಮ್ಮನ ಇನ್ಸುಲಿನ್: ತೆರೆಯದ ಸೀಸೆಗಳಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಕೋಣೆಯ ಪುಟ್ಟ ಫ್ರಿಜ್‌ನಲ್ಲಿ ಮೇಲಿನ ಹಿಮಪೆಟ್ಟಿಗೆಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದರೆ ಆ ಔಷಧ ಕೆಲಸಕ್ಕೆ ಬಾರದು. ದಾರಿಯಲ್ಲಿ ಥರ್ಮಾಸ್ ಅಥವಾ ತಂಪು ಚೀಲದಲ್ಲಿರಲಿ, ಆದರೆ ಸೀಸೆ ನೇರ ಮಂಜುಗಡ್ಡೆಗೆ ತಗಲಬಾರದು. ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಡಲೇಬೇಡಿ. ರೆಸಾರ್ಟ್ ತಿಂಡಿ ಸಾಮಾನ್ಯವಾಗಿ ಎಂಟಕ್ಕೆ ಶುರುವಾಗುತ್ತದೆ. ಇನ್ಸುಲಿನ್ ಹಾಕಿಕೊಂಡವರು ಅಲ್ಲಿಯವರೆಗೆ ಹಸಿದು ಕೂರುವಂತಿಲ್ಲ. ಏಳಕ್ಕೆ ಇಡ್ಲಿ ಕೊಡಬಲ್ಲಿರಾ ಎಂದು ಕೇಳಿ, ಬಿಸ್ಕತ್ತು ಜೊತೆಗಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು ಬಿಸಿ ಮರಳಿನ ಮೇಲೆ ಬರಿಗಾಲಲ್ಲಿ ನಡೆಯಬಾರದು. ಪಾದ ಜೋಮು ಹಿಡಿದಿದ್ದರೆ ಕಪ್ಪೆಚಿಪ್ಪು ಚುಚ್ಚಿದ್ದೂ ತಿಳಿಯುವುದಿಲ್ಲ.

ಆಸ್ಪತ್ರೆ ದೃಷ್ಟಿಯಿಂದ ಉಡುಪಿ–ಮಂಗಳೂರು ಪಟ್ಟಿ ನನಗೆ ಧೈರ್ಯ ಕೊಡುತ್ತದೆ. ಒಂದು ಕಡೆ ಮಣಿಪಾಲ, ಇನ್ನೊಂದು ಕಡೆ ಮಂಗಳೂರು.

ಕುವೆಂಪುನಗರದ ಸೊಸೆ

ನೀವೆಲ್ಲ ಬರೆದದ್ದನ್ನು ರಾತ್ರಿ ಊಟದ ನಂತರ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮಗುವಿನ ಸರದಿಯ ವಿಷಯಕ್ಕೆ ಅತ್ತೆಯವರು ತಲೆ ತಗ್ಗಿಸಿ ನಕ್ಕರು. ಮೈದುನನೇ ಮೊದಲ ದಿನದ ಸರದಿ ತೆಗೆದುಕೊಂಡ.

ಇವತ್ತು ನಾಲ್ಕೈದು ಕಡೆ ಫೋನ್ ಮಾಡಿದೆ. ಒಂದು ಕಡೆ ವಿಡಿಯೊ ಕರೆ ಎಂದ ಕೂಡಲೇ, ಫೋಟೋ ಕಳಿಸುತ್ತೇವೆ ಮೇಡಂ ಎಂದರು. ಇನ್ನೊಂದು ಕಡೆ ಹುಡುಗನೊಬ್ಬ ಫೋನ್ ಹಿಡಿದು ನಡೆದು ತೋರಿಸಿದ: ಕೋಣೆಯ ಬಾಗಿಲು, ಎರಡು ಮೆಟ್ಟಿಲು, ಹುಲ್ಲುಹಾಸು, ಅದರ ಕೊನೆಗೆ ಗೇಟು, ಗೇಟಿನಾಚೆ ಎದೆಮಟ್ಟದ ಕಲ್ಲುಗಳ ರಾಶಿ. ಫೋಟೋಗಳಲ್ಲಿ ಆ ರಾಶಿಯೇ ಇರಲಿಲ್ಲ. ಮೂರನೆಯ ಕಡೆ ಉಡುಪಿ ಜಿಲ್ಲೆಯಲ್ಲಿ, ನೆಲಮಟ್ಟದ ನಾಲ್ಕು ಕೋಣೆಗಳು ಒಂದೇ ಜಗುಲಿಗೆ ತೆರೆದುಕೊಳ್ಳುತ್ತವೆ. ಜಗುಲಿಯಿಂದ ಕಡಲು ಕಾಣುತ್ತದೆ, ಸಿಮೆಂಟಿನ ಹಾದಿ ಮರಳಿನವರೆಗೂ ಇದೆ. ರಾಗಿ ಹಿಟ್ಟು ತಂದರೆ ಮುದ್ದೆ ಮಾಡಿಕೊಡುತ್ತೇವೆ, ನಮ್ಮ ಅಡುಗೆಯವರು ಹಾಸನದವರು ಎಂದರು. ಬೆಳ್ತಿಗೆ ಅನ್ನವೂ ಇದೆ, ಕುಚ್ಚಲಕ್ಕಿಯೂ ಇದೆ. ಕೋಣೆಗೆ ದಿನಕ್ಕೆ 7,000, ಶನಿವಾರ, ಭಾನುವಾರ 8,200.

ಬೇಕಲ ನಿಜಕ್ಕೂ ಚೆಂದ, ಆದರೆ ನಮ್ಮ ಕೈಗೆ ಮೀರಿತು. ಒಂದೇ ಚಿಂತೆ: ಈಜುಕೊಳಕ್ಕೆ ನೈಲಾನ್ ಉಡುಪು ಕಡ್ಡಾಯವಂತೆ. ಅತ್ತೆ, ಅಮ್ಮ ಇಬ್ಬರೂ ಸೀರೆಯವರು.

ಸಿದ್ಧಾರ್ಥನಗರದ ಲೆಕ್ಕಿಗ

ಆ 7,000, 8,200ರ ನಡುವೆ ತೆರಿಗೆಯ ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ವಾರದ ನಡುವೆ ಕೋಣೆ 7,350ಕ್ಕೆ ಮುಗಿದರೆ, ಶನಿವಾರ ಅದೇ ಕೋಣೆ 9,676 ಆಗುತ್ತದೆ. ನಾಲ್ಕು ಕೋಣೆ ಎಂದರೆ ಒಂದು ರಾತ್ರಿಗೆ ಒಂಬತ್ತು ಸಾವಿರಕ್ಕೂ ಹೆಚ್ಚು ವ್ಯತ್ಯಾಸ. ಭಾನುವಾರದ ರಾತ್ರಿಯೂ ಹೆಚ್ಚಿನ ದರವೇ ಎಂದು ಕೇಳಿಕೊಳ್ಳಿ. ಸೋಮವಾರ ಹೋಗಿ ಗುರುವಾರ ಬರುವುದು ಲಾಭ. ಡಿಸೆಂಬರ್ 20ರ ನಂತರವಂತೂ ಬೇಡ.

ಪಡುಬಿದ್ರಿಯ ಮಗಳು, ಈಗ ಮೈಸೂರು ವಿಜಯನಗರ

ನೀವು ಹೇಳಿದ ಮೂರನೆಯ ಜಾಗ ನನಗೆ ಒಪ್ಪಿಗೆಯಾಯಿತು. ಜಗುಲಿಯಲ್ಲಿ ಕೂತು ಕಡಲು ನೋಡಬಹುದಾದರೆ ಅತ್ತೆಯವರು ಯಾರನ್ನೂ ಕಾಯಬೇಕಿಲ್ಲ, ಯಾರ ಕೈಯನ್ನೂ ಹಿಡಿಯಬೇಕಿಲ್ಲ. ಹಿರಿಯರಿಗೆ ಬೇಕಾದದ್ದು ಈ ಸ್ವಾತಂತ್ರ್ಯವೇ. ನಾನಾದರೆ ಇದೊಂದಕ್ಕೇ ಉಳಿದ ಹತ್ತು ಸೌಕರ್ಯ ಬಿಡುತ್ತೇನೆ.

ಈಜುಕೊಳದ ಬಗ್ಗೆ ಯೋಚಿಸಬೇಡಿ. ಹಿರಿಯರಿಗೆ ಕಡಲೇ ಸಾಕು, ಅಲ್ಲಿ ಸೀರೆಗೆ ಯಾರ ಅಡ್ಡಿಯೂ ಇಲ್ಲ. ಆದರೆ ಕೊಳಕ್ಕೆ ಬೇಲಿ ಇದೆಯೇ ಎಂದು ಖಂಡಿತ ಕೇಳಿ. ನಿಮ್ಮ ಎರಡು ವರ್ಷದ ಮಗುವಿಗೆ ಅಲೆಗಿಂತ ದೊಡ್ಡ ಅಪಾಯ ಬೇಲಿಯಿಲ್ಲದ ಕೊಳ.

ಮಾವನವರನ್ನು ನೀರಿನ ಹತ್ತಿರ ಕರೆದೊಯ್ಯುವಾಗ ಇಳಿತದ ಹೊತ್ತು ನೋಡಿ. ಆಗ ಒದ್ದೆ ಮರಳು ಗಟ್ಟಿಯಾಗಿ ಹರಡಿರುತ್ತದೆ, ಕೋಲೂರಿ ನಡೆಯಬಹುದು. ಮೇಲಿನ ಒಣ ಮರಳಿನಲ್ಲಿ ಕಾಲು ಹೂಳುತ್ತದೆ, ಮಂಡಿ ತಿರುಚುತ್ತದೆ. ಉಬ್ಬರ ಇಳಿತ ದಿನಕ್ಕೆ ಎರಡು ಬಾರಿ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಲ್ಲಿಯ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಕುರ್ಚಿ ಹಾಕುವುದಾದರೆ ಕೆಳಗೊಂದು ಹಲಗೆ ಇಡಿ. ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಅಲೆ ಬಂದು ಹೋದ ಹಾಗೆ ಒಂದೊಂದೇ ಮರಳಿಗೆ ಇಳಿದು ಕೂತವರನ್ನು ಪಕ್ಕಕ್ಕೆ ಕೆಡವುತ್ತವೆ.

ಒಂದು ಸಂಜೆ ಎಲ್ಲರನ್ನೂ ಗಾಡಿಯಲ್ಲಿ ಮರವಂತೆಗೆ ಕರೆದುಕೊಂಡು ಹೋಗಿ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಅತ್ತೆಯವರು ಇಳಿಯದೆಯೇ ಎರಡನ್ನೂ ನೋಡಬಹುದು.

ಕುವೆಂಪುನಗರದ ಸೊಸೆ

ಬೇಲಿ ಇದೆ, ಕೇಳಿದೆ. ಸೋಮವಾರದಿಂದ ಗುರುವಾರಕ್ಕೆ ನಾಲ್ಕು ಕೋಣೆ ಕಾಯ್ದಿರಿಸಿ ಮುಂಗಡ ಕಟ್ಟಿದೆವು. ಮಕ್ಕಳ ಶಾಲೆಗೆ ರಜೆ ಪತ್ರ ಕೊಡುತ್ತೇವೆ. ಮೂವರು ಹಿರಿಯರು, ನಾನು, ಮಗು ರೈಲಿನಲ್ಲಿ. ಹಿರಿಯರ ಟಿಕೆಟ್ ಬೇರೆಯಾಗಿಯೇ ಮಾಡಿಸುತ್ತೇವೆ. ಉಳಿದವರು ಟಿಟಿಯಲ್ಲಿ ಬಂದು ಉಡುಪಿ ನಿಲ್ದಾಣದಿಂದ ನಮ್ಮನ್ನು ಕರೆದೊಯ್ಯುತ್ತಾರೆ. ವಾಪಸ್ ಎಲ್ಲರೂ ಒಟ್ಟಿಗೆ, ಮಡಿಕೇರಿಯಲ್ಲಿ ಒಂದು ರಾತ್ರಿ ತಂಗಿ ಬರುವುದು. ಎಲ್ಲರಿಗೂ ಮನಸಾರೆ ವಂದನೆ.

ಹೆಬ್ಬಾಳದ ಟಿಟಿ ಚಾಲಕ

ಮೇಡಂ, ಗಾಡಿಯನ್ನು ಈ ವಾರದಲ್ಲೇ ಹೇಳಿಬಿಡಿ. ಡಿಸೆಂಬರ್ ಎಂದರೆ ಶಬರಿಮಲೆ ಯಾತ್ರೆಯ ಕಾಲ, ಮೈಸೂರು, ಮಂಡ್ಯದ ಟಿಟಿಗಳೆಲ್ಲ ಮಾಲೆ ಹಾಕಿದವರಿಗೆ ಮೊದಲೇ ಬುಕ್ ಆಗಿರುತ್ತವೆ. ಕೊನೆಗಳಿಗೆಯಲ್ಲಿ ಸಿಗುವ ಗಾಡಿಗೆ ಬಾಡಿಗೆಯೂ ಹೆಚ್ಚು, ಟೈರ್ ಯಾವ ಸ್ಥಿತಿಯಲ್ಲಿದೆಯೋ ಹೇಳಲಾಗದು. ಸಂಪಾಜೆ ಇಳಿಯುವ ಗಾಡಿಯ ಟೈರು, ಬ್ರೇಕನ್ನು ನಿಮ್ಮ ಯಜಮಾನರು ಹೊರಡುವ ಹಿಂದಿನ ದಿನ ಹಗಲು ಬೆಳಕಿನಲ್ಲಿ ನೋಡಲಿ.